ಟೇಕ್ ಡೌನ್ ಮಾಡಿದರೋ, ಪುಲ್ ಡೌನ್ ಮಾಡಿದರೋ? ಕಟ್ಟುವ, ಕೆಡವುವ, ರಿಪೇರಿ ಮಾಡುವ ಇಂಗ್ಲಿಷ್ ಮಾತುಗಳನ್ನು ಆರಿಸುವ ಬಗೆ

ಗೋಡೆಯಲ್ಲಿದ್ದ ಪುಸ್ತಕದ ಶೆಲ್ಫ್ ಒಂದನ್ನು ಒಮ್ಮೆ ಇಳಿಸಬೇಕಾಯಿತು. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ. ಕಳೆದುಹೋಗಬಾರದು ಅಂತ ಅವನ್ನೆಲ್ಲ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಹಲಗೆಯ ಹಿಂದೆ ಟೇಪಿನಿಂದ ಅಂಟಿಸಿದೆ. ಹಲಗೆಗಳನ್ನು ಮೂಲೆಯಲ್ಲಿ ಒರಗಿಸಿಟ್ಟೆ. ಆಮೇಲೆ ಒಬ್ಬರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ: "ಐ ಪುಲ್ಡ್ ಡೌನ್ ದ ಶೆಲ್ಫ್." ಸ್ವಲ್ಪ ಹೊತ್ತಿಗೇ ಉತ್ತರ ಬಂತು. ಏನಾಯಿತು, ಯಾಕೆ ಕಿತ್ತುಹಾಕಿದಿರಿ, ಗೋಡೆಗೆ ಪೆಟ್ಟಾಯಿತಾ ಅಂತ ಗಾಬರಿಯಿಂದ ಕೇಳಿದ್ದರು.

ನಾನು ಬರೆಯಬೇಕಾಗಿದ್ದದ್ದು 'ಟುಕ್ ಡೌನ್'.

ಟೇಕ್ ಡೌನ್, ಪುಲ್ ಡೌನ್, ನಾಕ್ ಡೌನ್, ಟೇರ್ ಡೌನ್. ನಾಲ್ಕಕ್ಕೂ ನಿಘಂಟಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಸಿಗುತ್ತದೆ: ಇಳಿಸು, ಕೆಡವು. ಬರೀ ಅರ್ಥ ನೋಡಿ ಆರಿಸಲು ಹೋದರೆ ನನ್ನ ಹಾಗೆಯೇ ಎಡವುತ್ತೀರಿ. ಅದರ ಬದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ವಸ್ತುವಿನ ಗತಿ ಏನು? ಮತ್ತೆ ಜೋಡಿಸುವ ಹಾಗಿದೆಯಾ? ಪುಡಿಪುಡಿಯಾಗಿದೆಯಾ? ಮೊದಲಿಗಿಂತ ಚೆನ್ನಾಗಿದೆಯಾ? ಇಲ್ಲಾ, ಬೇರೆ ಏನೋ ಆಗಿಬಿಟ್ಟಿದೆಯಾ?

ಈ ಲೆಕ್ಕ ನಮಗೆ ಹೊಸದಲ್ಲ. ಕನ್ನಡದಲ್ಲಿ ದಿನಾ ಇದನ್ನೇ ಮಾಡುತ್ತೇವೆ. 'ಬಿಚ್ಚಿಟ್ಟೆ' ಅಂದರೆ ಬಿಡಿಭಾಗಗಳು ಜೋಪಾನವಾಗಿವೆ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. 'ಕಿತ್ತುಹಾಕಿದೆ' ಅಂದರೆ ಇನ್ನು ಅದರ ಆಸೆ ಬಿಡಬೇಕು. ಕೈ ಏನು ಮಾಡಿತು ಅನ್ನುವುದನ್ನು 'ಬಿಚ್ಚು', 'ಕೀಳು' ಹೇಳುತ್ತವೆ. ವಸ್ತು ಏನಾಯಿತು ಅನ್ನುವುದನ್ನು ಹಿಂದೆ ಬರುವ 'ಇಡು', 'ಹಾಕು' ಹೇಳುತ್ತವೆ. ಇಂಗ್ಲಿಷಿನ ಅಪ್, ಡೌನ್, ಅಪಾರ್ಟ್, ಓವರ್ ಕೂಡ ಹೀಗೆ ಪಕ್ಕದಲ್ಲಿ ಕೂತು ಕೆಲಸ ಮಾಡುವ ಪುಟ್ಟ ಪದಗಳು. ಇದು ಹೊಳೆದ ದಿನ, ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಆಗುವ ಜೋಡಿಪದಗಳಾದ ಫ್ರೇಸಲ್ ವರ್ಬ್‌ಗಳ ಬಗ್ಗೆ ನನಗಿದ್ದ ಭಯ ಅರ್ಧ ಇಳಿಯಿತು. ಭಯ ಇದ್ದದ್ದು ತಪ್ಪೂ ಅಲ್ಲ. 1755ರಲ್ಲಿ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಇಂಥ ಜೋಡಿಪದಗಳೇ ಅಂತ ಅದರ ಮುನ್ನುಡಿಯಲ್ಲೇ ಬರೆದಿದ್ದರು.

ಎಬ್ಬಿಸಿ ನಿಲ್ಲಿಸುವಾಗ

ಇಲ್ಲಿ ಜಾಸ್ತಿ ಗೊಂದಲ ಆಗುವುದು ಪುಟ್ ಅಪ್, ಸೆಟ್ ಅಪ್, ಬಿಲ್ಡ್ ಅಪ್ ಈ ಮೂರರಲ್ಲಿ.

ಕಣ್ಣಿಗೆ ಕಾಣುವ ಹಾಗೆ ಒಂದು ವಸ್ತು ಎದ್ದು ನಿಂತಿತು ಅಥವಾ ಗೋಡೆ ಹಿಡಿಯಿತು ಅಂದರೆ ಪುಟ್ ಅಪ್. ಟೆಂಟ್, ಬೇಲಿ, ಶೆಲ್ಫ್, ಪರದೆ, ಪೋಸ್ಟರ್, ದೊಡ್ಡ ಕಟ್ಟಡ ಎಲ್ಲಕ್ಕೂ ಸಲ್ಲುತ್ತದೆ. ಬಳಸಲು ತಯಾರಾಯಿತು ಅಂದರೆ ಸೆಟ್ ಅಪ್. ಪ್ರಿಂಟರನ್ನು ಯಾರೂ ಪುಟ್ ಅಪ್ ಮಾಡುವುದಿಲ್ಲ, ಸೆಟ್ ಅಪ್ ಮಾಡುತ್ತಾರೆ. ವೈರ್ ಜೋಡಿಸಿ, ಕಂಪ್ಯೂಟರಿಗೆ ಪರಿಚಯಿಸಿ, ಒಂದು ಹಾಳೆ ಹೊರಗೆ ಬರುವಂತೆ ಮಾಡುವುದು ಅಂತ ಅದರ ಅರ್ಥ. ಕಂಪನಿ, ಸಮಿತಿ, ಮೀಟಿಂಗ್ ಕೂಡ ಸೆಟ್ ಅಪ್ ಆಗುತ್ತವೆ. ಅವು ಎದ್ದು ನಿಲ್ಲುವುದಿಲ್ಲ, ಆದರೆ ನಡೆಯಲು ತಯಾರಾಗುತ್ತವೆ. ಟೆಂಟಿಗೆ ಮಾತ್ರ ಎರಡೂ ಒಗ್ಗುತ್ತವೆ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್ಚರ: ಸೆಟ್ ಅಪ್ ಮುಂದೆ ವ್ಯಕ್ತಿ ಬಂದರೆ ಅವರನ್ನು ಸಿಕ್ಕಿಹಾಕಿಸಿದರು, ಸುಳ್ಳು ಆರೋಪ ಹೊರಿಸಿದರು ಅಂತ ಅರ್ಥ ಆಗಬಹುದು.

ಬಿಲ್ಡ್ ಅಪ್ ಕೇಳಿದರೆ ಮನೆ ಕಟ್ಟುವ ಮಾತು ಅನ್ನಿಸುತ್ತದೆ. ಅಲ್ಲ. ಮನೆ ಕಟ್ಟುವುದಕ್ಕೆ ಬರೀ 'ಬಿಲ್ಡ್' ಸಾಕು. 'ದೇ ಬಿಲ್ಟ್ ಅಪ್ ಎ ಹೌಸ್' ಅಂದರೆ ಕಿವಿಗೆ ಚುಚ್ಚುತ್ತದೆ. ಬಿಲ್ಡ್ ಅಪ್ ಆಗುವುದು ಸ್ವಲ್ಪಸ್ವಲ್ಪವಾಗಿ ಬೆಳೆಯುವಂಥದ್ದು: ಪೈಪಿನೊಳಗಿನ ಒತ್ತಡ, ಫ್ಯಾನ್ ರೆಕ್ಕೆಯ ಮೇಲಿನ ಧೂಳು, ಉಳಿತಾಯದ ಹಣ, ಮೈಯ ಕಸುವು. ನಮ್ಮ ಮಾತಿನ 'ಸುಮ್ನೆ ಬಿಲ್ಡಪ್ ಕೊಡಬೇಡ' ಇದರದ್ದೇ ಸಂಬಂಧಿ. ಯಾರನ್ನಾದರೂ ಹೊಗಳಿ ಹೊಗಳಿ ಏರಿಸುವುದಕ್ಕೆ ಇಂಗ್ಲಿಷಿನಲ್ಲೂ ಬಿಲ್ಡ್ ಅಪ್ ಇದೆ. ಜಂಬ ಅನ್ನುವ ಅರ್ಥ ನಾವು ಸೇರಿಸಿಕೊಂಡದ್ದು. ಹಾಗಾಗಿ ಇಂಗ್ಲಿಷಿನಲ್ಲಿ ಮಾತಾಡುವಾಗ ಆ ಅರ್ಥದಲ್ಲಿ ಬಳಸಿದರೆ ಎದುರಿನವರಿಗೆ ತಲುಪುವುದಿಲ್ಲ.

ಬಿಡಿಭಾಗಗಳು ಡಬ್ಬದಲ್ಲಿ ಬಂದಿವೆ, ಕೂತು ಜೋಡಿಸಬೇಕು ಅಂದಾಗ ಪುಟ್ ಟುಗೆದರ್. ಮೇಜು, ಆಟಿಕೆ, ಸೈಕಲ್. ವರದಿ ಮತ್ತು ತಂಡಕ್ಕೂ ಇದೇ ಮಾತು, ಅವೂ ತುಂಡುತುಂಡಾಗಿ ಸೇರಿಕೊಂಡು ಆಗುವಂಥವೇ ಅಲ್ವಾ.

ಕೆಡವುವಾಗ

ಈ ಗುಂಪಿನಲ್ಲಿ ತಪ್ಪು ಪದ ಆರಿಸಿದರೆ ಸುದ್ದಿಯೇ ಬದಲಾಗುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಇಲ್ಲಿ ಪುಟ್ಟ ಪದ ಹೆಚ್ಚಿನ ಕಡೆ 'ಡೌನ್' ಒಂದೇ. ಗುಟ್ಟು ಇರುವುದು ಅದಕ್ಕೆ ಮೊದಲು ಬರುವ ಕ್ರಿಯಾಪದದಲ್ಲಿ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಬ್ಬಿಣ ಮತ್ತು ಗಾಜಿನ ಈ ದೊಡ್ಡ ಕಟ್ಟಡವನ್ನು 1851ರ ವಸ್ತುಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಎಬ್ಬಿಸಿದರು. ಪುಟ್ ಅಪ್. ಪ್ರದರ್ಶನ ಮುಗಿದ ಮೇಲೆ ಬಿಡಿಬಿಡಿಯಾಗಿ ಇಳಿಸಿದರು. ಟೇಕ್ ಡೌನ್. ಆ ಭಾಗಗಳನ್ನು ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್‌ಗೆ ಸಾಗಿಸಿ, ಇನ್ನೂ ದೊಡ್ಡದಾಗಿ ಮತ್ತೆ ನಿಲ್ಲಿಸಿ 1854ರಲ್ಲಿ ತೆರೆದರು. 1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿತ್ತು, ಕಟ್ಟಡ ಸುಟ್ಟು ನೆಲಸಮ ಆಯಿತು. ಬರ್ನ್ ಡೌನ್. ಪಕ್ಕದಲ್ಲಿದ್ದ ಎರಡು ನೀರಿನ ಗೋಪುರಗಳು ಉಳಿದುಕೊಂಡವು. ಆಮೇಲೆ ಒಂದನ್ನು ಬಿಡಿಸಿ ಇಳಿಸಿದರು, ಇನ್ನೊಂದನ್ನು 1941ರಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಮೊದಲನೆಯದು ಮತ್ತೆ ಟೇಕ್ ಡೌನ್, ಎರಡನೆಯದು ಬ್ಲೋ ಅಪ್. ಗೋಪುರ ನೆಲಕ್ಕೆ ಬಿದ್ದರೂ ಪದ ಮಾತ್ರ 'ಅಪ್'. ಸಿಡಿದು ಚೂರಾಗುವುದಕ್ಕೆ ಇಂಗ್ಲಿಷ್ ಮೇಲಕ್ಕೆ ನೋಡುತ್ತದೆ. ಇಂಥ ಕಡೆ ತರ್ಕ ಹುಡುಕುತ್ತಾ ಕೂರಬಾರದು, ನೆನಪಿನಲ್ಲಿಟ್ಟುಕೊಂಡರೆ ಆಯಿತು.

ಟೇಕ್ ಡೌನ್ ಅಂದರೆ ಕೈ ಮೆಲ್ಲಗೆ ಕೆಲಸ ಮಾಡಿದೆ. ವಸ್ತು ಇದೆ, ಬೇಕಾದರೆ ಮತ್ತೆ ಮೇಲೇರುತ್ತದೆ. ನನ್ನ ಶೆಲ್ಫ್ ಇದ್ದದ್ದು ಇಲ್ಲಿ.

ಪುಲ್ ಡೌನ್ ಅಂದರೆ ಹಳೆಯದಾಯಿತು ಅಥವಾ ಬೇಡವಾಯಿತು ಅಂತ ಕಟ್ಟಡವನ್ನು ಕೆಡವುವುದು. ಬ್ರಿಟಿಷರ ಮಾತಿನಲ್ಲಿ ಇದು ಜಾಸ್ತಿ ಕೇಳುತ್ತದೆ. ಅಮೆರಿಕದವರು ಅಂಥ ಕಡೆ ಹೆಚ್ಚಾಗಿ ಟೇರ್ ಡೌನ್ ಅನ್ನುತ್ತಾರೆ.

ನಾಕ್ ಡೌನ್‌ನಲ್ಲಿ ಪೆಟ್ಟು ಇದೆ. ಸುತ್ತಿಗೆಯೋ ಯಂತ್ರವೋ ಹೊಡೆದಿದೆ, ಗೋಡೆ ಉರುಳಿದೆ. ಜನರಿಗೂ ಇದೇ ಪದ: ಕಾರು ಗುದ್ದಿ ಒಬ್ಬರನ್ನು ಬೀಳಿಸಿದರೆ ಅದೂ ನಾಕ್ ಡೌನ್. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ಮಾಡಿದರೆ ಬ್ರಿಟಿಷರು ನಾಕ್ ಥ್ರೂ ಅನ್ನುತ್ತಾರೆ. ಚಿಕ್ಕ ಪದ, ಆದರೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಈ ಕಡೆಯಿಂದ ಆ ಕಡೆಗೆ ಬೆಳಕು ಹಾಯ್ದದ್ದು ಕಾಣುತ್ತದೆ.

ಟೇರ್ ಡೌನ್‌ಗೆ ಬರೀ ಕೆಡವುವ ಕೆಲಸಕ್ಕಿಂತ ಜಾಸ್ತಿ ಆವೇಶ ಇದೆ. ಜರ್ಮನಿಯ ಬರ್ಲಿನ್ ನಗರವನ್ನು ಎರಡು ಮಾಡಿದ ಬರ್ಲಿನ್ ಗೋಡೆ 1961ರಲ್ಲಿ ಎದ್ದಿತು. 1987ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಆ ಗೋಡೆಯ ಹತ್ತಿರ ನಿಂತು ಸೋವಿಯತ್ ನಾಯಕ ಗೋರ್ಬಚೇವ್ ಅವರಿಗೆ ಹೇಳಿದ್ದು "ಟೇರ್ ಡೌನ್ ದಿಸ್ ವಾಲ್" ಅಂತ. ಅಲ್ಲಿ 'ಟೇಕ್ ಡೌನ್' ಹಾಕಿ ಓದಿ ನೋಡಿ. ಪೋಸ್ಟರ್ ಇಳಿಸಿ ಅಂದ ಹಾಗೆ ಆಗುತ್ತದೆ. 1989ರಲ್ಲಿ ಆ ಗೋಡೆ ಬಿದ್ದ ಸುದ್ದಿಗೆ ಇಂಗ್ಲಿಷಿನಲ್ಲಿ ಬಳಸುವ ಮಾತು ಇನ್ನೂ ಬೇರೆ: 'ದ ವಾಲ್ ಕೇಮ್ ಡೌನ್'. ಯಾರು ಕೆಡವಿದರು ಅನ್ನುವುದನ್ನು ಹೇಳದೆ, ಗೋಡೆ ಬಿತ್ತು ಅನ್ನುವುದನ್ನಷ್ಟೇ ಹೇಳಬೇಕಾದಾಗ ಕಮ್ ಡೌನ್. ನಮ್ಮ 'ಕೆಡವಿದರು' ಮತ್ತು 'ಬಿತ್ತು' ನಡುವಿನ ವ್ಯತ್ಯಾಸ ಇದೇ.

ಟೇಕ್ ಅಪಾರ್ಟ್ ಇವೆಲ್ಲಕ್ಕಿಂತ ಬೇರೆ. ಇಲ್ಲಿ ವಸ್ತು ಕೆಳಗಿಳಿಯುವುದಿಲ್ಲ, ಭಾಗಭಾಗವಾಗಿ ಬಿಡಿಸಿಕೊಳ್ಳುತ್ತದೆ. ಗಡಿಯಾರ, ಮಿಕ್ಸರ್, ಎಂಜಿನ್. ಕೆಲವೊಮ್ಮೆ ಸೇತುವೆ ಕೂಡ. ಥೇಮ್ಸ್ ನದಿಯ ಮೇಲಿದ್ದ 1831ರ ಲಂಡನ್ ಸೇತುವೆಯನ್ನು 1968ರಲ್ಲಿ ಅಮೆರಿಕದ ಉದ್ಯಮಿ ರಾಬರ್ಟ್ ಮೆಕಲಕ್ ಕೊಂಡುಕೊಂಡರು. ಕಲ್ಲುಗಳಿಗೆ ನಂಬರ್ ಹಾಕಿ ಬಿಡಿಸಿ ಅರಿಜೋನಾಗೆ ಸಾಗಿಸಿದರು. ಅಲ್ಲಿ ಕಾಂಕ್ರೀಟ್ ಚೌಕಟ್ಟಿನ ಸುತ್ತ ಆ ಕಲ್ಲುಗಳನ್ನು ಮತ್ತೆ ಜೋಡಿಸಿ 1971ರಲ್ಲಿ ತೆರೆದರು. ಟೇಕ್ ಅಪಾರ್ಟ್, ಆಮೇಲೆ ಪುಟ್ ಬ್ಯಾಕ್ ಟುಗೆದರ್. ಕಲ್ಲಿನ ಮೇಲೆ ನಂಬರ್ ಬರೆದದ್ದೇ ಇದು ಟೇರ್ ಡೌನ್ ಅಲ್ಲ ಅನ್ನುವುದಕ್ಕೆ ಸಾಕ್ಷಿ. ನನ್ನ ಸ್ಕ್ರೂ ಕವರ್ ಮಾಡಿದ್ದೂ ಅದೇ ಕೆಲಸ.

ನಿಯಮ ಮುರಿಯುವ ಜಾಗವೂ ಒಂದಿದೆ, ಮುಚ್ಚಿಡುವುದು ಸರಿಯಲ್ಲ. ಮೆಕ್ಯಾನಿಕ್‌ಗಳು ಎಂಜಿನ್ ಪೂರ್ತಿ ಬಿಚ್ಚುವುದನ್ನು ಟೇರ್ ಡೌನ್ ಅನ್ನುತ್ತಾರೆ. ಹೊಸ ಫೋನ್ ಬಿಚ್ಚಿ ಒಳಗೇನಿದೆ ಅಂತ ತೋರಿಸುವ ವಿಡಿಯೊಗಳಿಗೂ 'ಟೇರ್‌ಡೌನ್' ಅಂತಲೇ ಹೆಸರು. ಕೆಲಸ ಮಾಡುವವರು ಎಷ್ಟೇ ನಾಜೂಕಾಗಿ ಬಿಚ್ಚಿದರೂ ಪದ ಒರಟಾಗಿಯೇ ಉಳಿದಿದೆ. ಆ ಕಸುಬಿನವರ ಜೊತೆ ಮಾತಾಡುವಾಗ ಅವರ ಪದವನ್ನೇ ಬಳಸಿ.

ರಿಪೇರಿ ಮಾಡುವಾಗ

'ಫಿಕ್ಸ್' ಮತ್ತು 'ಫಿಕ್ಸ್ ಅಪ್' ಒಂದೇ ಅಂದುಕೊಳ್ಳುವುದು ತುಂಬಾ ಸಾಮಾನ್ಯವಾದ ತಪ್ಪು. ನಲ್ಲಿ ಸೋರುತ್ತಿದೆ. ವಾಷರ್ ಬದಲಿಸಿದಿರಿ, ನಿಂತಿತು. ಇದು ಫಿಕ್ಸ್. ಒಂದು ದೋಷ ಇತ್ತು, ಹೋಯಿತು. ಇಲ್ಲಿ 'ಅಪ್' ಬೇಡ. ಇಡೀ ಸ್ನಾನದ ಮನೆಗೇ ಹೊಸ ಕಳೆ ತಂದಿರಿ, ಬಣ್ಣ ಬಳಿದಿರಿ, ಒಡೆದ ಟೈಲ್ಸ್ ಬದಲಿಸಿದಿರಿ ಅಂದರೆ ಫಿಕ್ಸ್ ಅಪ್. ಒಂದು ತೊಂದರೆಗೆ ಫಿಕ್ಸ್, ಒಟ್ಟು ಸ್ಥಿತಿಗೆ ಫಿಕ್ಸ್ ಅಪ್. ತುಂಬಾ ಕೆಲಸ ಬೇಡುವ ಹಳೆಯ ಮನೆಗೆ ಅಮೆರಿಕದಲ್ಲಿ 'ಫಿಕ್ಸರ್ ಅಪ್ಪರ್' ಅಂತ ಹೆಸರೇ ಇದೆ.

ಅದೇ ಕೆಲಸವನ್ನು ಬ್ರಿಟಿಷರು ಡೂ ಅಪ್ ಅನ್ನುತ್ತಾರೆ. 'ದೇ ಡಿಡ್ ಅಪ್ ಆ್ಯನ್ ಓಲ್ಡ್ ಹೌಸ್.' ಯಾವುದನ್ನು ಆರಿಸಬೇಕು ಅಂದರೆ, ಕೇಳುವವರು ಬ್ರಿಟಿಷ್ ಇಂಗ್ಲಿಷಿನವರಾದರೆ ಡೂ ಅಪ್, ಬೇರೆಯವರಾದರೆ ಫಿಕ್ಸ್ ಅಪ್. ಗೊತ್ತಿಲ್ಲದಿದ್ದರೆ ಫಿಕ್ಸ್ ಅಪ್ ಹೆಚ್ಚು ಸುರಕ್ಷಿತ ಅಂತ ನನ್ನ ಅನುಭವ. ಡೂ ಅಪ್‌ಗೆ ಗುಂಡಿ ಹಾಕು, ಲೇಸ್ ಕಟ್ಟು ಅನ್ನುವ ಅರ್ಥವೂ ಇದೆ. 'ಡೂ ಅಪ್ ಯುವರ್ ಕೋಟ್' ಅಂದರೆ ಕೋಟು ರಿಪೇರಿ ಮಾಡು ಅಂತ ಅಲ್ಲ, ಗುಂಡಿ ಹಾಕಿಕೋ ಅಂತ. ಡೂ ಓವರ್‌ಗೆ ಇನ್ನೂ ಹುಷಾರಾಗಿರಬೇಕು. ಅಮೆರಿಕದಲ್ಲಿ ಕೋಣೆಗೆ ಹೊಸ ರೂಪ ಕೊಡುವುದಕ್ಕೆ ಅದನ್ನು ಬಳಸುತ್ತಾರೆ. ಬ್ರಿಟಿಷರ ಆಡುಮಾತಿನಲ್ಲಿ ಮನೆಗೆ ಕಳ್ಳರು ನುಗ್ಗಿ ದೋಚಿದರು ಅಂತ ಆಗುತ್ತದೆ.

ಪ್ಯಾಚ್ ಅಪ್ ಅಂದರೆ ತೇಪೆ. ಸದ್ಯಕ್ಕೆ ನಡೆಯಲಿ ಅನ್ನುವ ಕೆಲಸ. ಮಳೆ ಬರುವ ಮುಂಚೆ ಸೂರಿನ ತೂತಿಗೆ ಏನೋ ಒಂದು ಮುಚ್ಚುವುದು, ಹರಿದ ಟ್ಯೂಬಿಗೆ ತೇಪೆ ಹಾಕುವುದು. ಜಗಳ ಆಡಿದವರು ರಾಜಿಯಾಗುವುದಕ್ಕೂ ಇದೇ ಪದ, ನಾವೂ 'ಪ್ಯಾಚಪ್ ಆಯ್ತು' ಅಂತ ಆರಾಮಾಗಿ ಹೇಳುತ್ತೇವೆ. ಕೆಲಸದ ವರದಿಯಲ್ಲಿ ಮಾತ್ರ ಇದನ್ನು ಯೋಚಿಸಿ ಬರೆಯಿರಿ. ನೀವು ಗಟ್ಟಿಯಾಗಿ, ಪೂರ್ತಿಯಾಗಿ ರಿಪೇರಿ ಮಾಡಿದ್ದೀರಿ. ಆದರೂ 'ಪ್ಯಾಚ್ಡ್ ಅಪ್' ಅಂತ ಬರೆದರೆ ಓದಿದವರು ಇದು ಎಷ್ಟು ದಿನ ಬರುತ್ತೋ ಅಂತ ಅನುಮಾನ ಪಡುತ್ತಾರೆ. ನಿಮ್ಮ ಒಳ್ಳೆಯ ಕೆಲಸವನ್ನು ನಿಮ್ಮ ಪದವೇ ಕಡಿಮೆ ಮಾಡಿತು.

ಟಚ್ ಅಪ್ ಅಂದರೆ ಬಣ್ಣ ಹೋದ ಕಡೆ ಸ್ವಲ್ಪ ಬಳಿಯುವುದು, ಫೋಟೊ ಸ್ವಲ್ಪ ತಿದ್ದುವುದು. ಇದನ್ನು ಯಾವತ್ತೂ ವಸ್ತುವಿನ ಜೊತೆ ಮಾತ್ರ ಬಳಸಿ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದರ ಮುಂದೆ ವ್ಯಕ್ತಿ ಬಂದರೆ ಕೆಟ್ಟ ಉದ್ದೇಶದಿಂದ ಮೈಮುಟ್ಟುವುದು ಅಂತ ಅರ್ಥ. ಇದು ಗೊತ್ತಿಲ್ಲದೆ ಬಳಸಿ ಯಾರೂ ಮುಜುಗರಕ್ಕೆ ಸಿಗಬಾರದು.

ಬದಲಾಯಿಸುವಾಗ

ಕನ್ನಡದಲ್ಲಿ 'ಬದಲಾಯಿಸು' ಒಂದೇ ಪದ ಎಲ್ಲ ಕಡೆ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಹಂಚಿಹೋಗಿದೆ.

ಒಂದು ವಸ್ತು ಬೇರೆಯದೇ ಆಗಿಬಿಟ್ಟರೆ ಟರ್ನ್ ಇಂಟು. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ಮುಚ್ಚಿತು. 2000ದಲ್ಲಿ ಅದೇ ಕಟ್ಟಡ ಟೇಟ್ ಮಾಡರ್ನ್ ಅನ್ನುವ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಇಟ್ಟಿಗೆ ಅದೇ, ಎತ್ತರದ ಚಿಮಣಿ ಅದೇ, ಆದರೆ ಅದು ಈಗ ವಿದ್ಯುತ್ ಸ್ಥಾವರ ಅಲ್ಲ. ಇಲ್ಲಿ ಫಿಕ್ಸ್ ಅಪ್ ಅಂದರೆ ಸಾಲದು, ಯಾಕೆಂದರೆ ಫಿಕ್ಸ್ ಅಪ್ ಮಾಡಿದ ಮನೆ ಮನೆಯಾಗಿಯೇ ಇರುತ್ತದೆ.

ಒಂದು ಪದ್ಧತಿ ಬಿಟ್ಟು ಇನ್ನೊಂದಕ್ಕೆ ಹೋದರೆ ಚೇಂಜ್ ಓವರ್ ಅಥವಾ ಸ್ವಿಚ್ ಓವರ್. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಐದಕ್ಕೆ ರಸ್ತೆಯ ಎಡಬದಿ ಬಿಟ್ಟು ಬಲಬದಿಗೆ ಹೋಯಿತು. ಇಡೀ ದೇಶದ ಗಾಡಿಗಳು ಈ ಬದಿಯಿಂದ ಆ ಬದಿಗೆ ದಾಟಿದವು. 'ಓವರ್' ಪದದೊಳಗೆ ಇರುವುದು ಆ ದಾಟುವಿಕೆಯೇ. ಕರೆಂಟ್ ಹೋದಾಗ ಜನರೇಟರಿಗೆ ತಿರುಗಿಸುವ ಸ್ವಿಚ್ಚಿಗೆ ಎಲೆಕ್ಟ್ರಿಷಿಯನ್‌ಗಳು 'ಚೇಂಜ್ ಓವರ್' ಅನ್ನುತ್ತಾರಲ್ಲ, ಅದು ಇದೇ ಅರ್ಥದ್ದು. ಗೊತ್ತಿರುವ ಈ ಪದವನ್ನು ನೆನೆಸಿಕೊಂಡರೆ ಸಾಕು, ಮರೆಯುವುದಿಲ್ಲ.

ಯಂತ್ರ ಅದೇ, ಒಳಗಿನ ಒಂದು ಭಾಗ ಮಾತ್ರ ಬೇರೆ ಅಂದರೆ ಸ್ವಾಪ್ ಔಟ್. ಲ್ಯಾಪ್‌ಟಾಪಿನ ಬ್ಯಾಟರಿ ಹೀಗೆ ಬದಲಾಗುತ್ತದೆ. ಕೋಣೆಯ ಸಾಮಾನುಗಳ ಜಾಗ ಅದಲುಬದಲು ಮಾಡಿದರೆ ಚೇಂಜ್ ಅರೌಂಡ್. ಇಷ್ಟವಾಗದೆ ಮೊದಲಿನಂತೆಯೇ ಮಾಡಿದರೆ ಚೇಂಜ್ ಬ್ಯಾಕ್. ಇಲ್ಲಿ 'ಬ್ಯಾಕ್' ಬೇಕೇ ಬೇಕು. 'ರಿಟರ್ನ್ ಬ್ಯಾಕ್' ಅನ್ನುವಾಗ ಮಾತ್ರ ಅದು ದಂಡ, ಯಾಕೆಂದರೆ ವಾಪಸ್ ಅನ್ನುವ ಅರ್ಥ 'ರಿಟರ್ನ್' ಒಳಗೇ ಇದೆ.

ತಾನಾಗಿ ಕೆಟ್ಟಾಗ

ಬ್ರೇಕ್ ಡೌನ್ ನಮಗೆಲ್ಲ ಗೊತ್ತು, ಬಸ್ ಬ್ರೇಕ್‌ಡೌನ್ ಆಗಿದೆ ಅನ್ನುತ್ತೇವೆ. ಅದು ಗಾಡಿಗಳಿಗೆ, ದೊಡ್ಡ ಯಂತ್ರಗಳಿಗೆ ಒಪ್ಪುತ್ತದೆ. ಫೋನ್ ಕೆಟ್ಟರೆ 'ಬ್ರೋಕ್ ಡೌನ್' ಅನ್ನಬೇಡಿ, 'ಸ್ಟಾಪ್ಡ್ ವರ್ಕಿಂಗ್' ಸಾಕು. ಸರ್ವರ್ ನಿಂತರೆ ಗೋ ಡೌನ್. ಚಪ್ಪಲಿ, ಟೈರ್ ಸವೆದುಹೋದರೆ ವೇರ್ ಔಟ್. ಇಲ್ಲಿನ 'ಔಟ್' ನಮ್ಮ 'ಸವೆದುಹೋಯಿತು' ಒಳಗಿನ 'ಹೋಯಿತು' ಇದ್ದ ಹಾಗೆ.

'ಇಟ್' ಎಲ್ಲಿ ಕೂರಬೇಕು

ಪದ ಸರಿಯಾಗಿ ಆರಿಸಿಯೂ ವಾಕ್ಯದಲ್ಲಿ ಎಡವುವ ಜಾಗ ಇದು. 'ಪುಟ್ ಅಪ್ ದ ಶೆಲ್ಫ್' ಸರಿ, 'ಪುಟ್ ದ ಶೆಲ್ಫ್ ಅಪ್' ಕೂಡ ಸರಿ. ಆದರೆ ಶೆಲ್ಫ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಪುಟ್ ಇಟ್ ಅಪ್'. 'ಪುಟ್ ಅಪ್ ಇಟ್' ತಪ್ಪು. ಟೇಕ್ ಇಟ್ ಡೌನ್, ನಾಕ್ ಇಟ್ ಡೌನ್, ಫಿಕ್ಸ್ ಇಟ್ ಅಪ್, ಟೇಕ್ ಇಟ್ ಅಪಾರ್ಟ್ ಎಲ್ಲವೂ ಹೀಗೇ. ಕೆಲವು ತಿಂಗಳಾದ ಮೇಲೆ ಅದೇ ಕವರಿನ ಸ್ಕ್ರೂಗಳಿಂದ ಶೆಲ್ಫ್ ಮತ್ತೆ ಗೋಡೆ ಸೇರಿತು. ಆಗ ಬರೆದ ಮೇಲ್‌ನಲ್ಲಿ ತಪ್ಪಿರಲಿಲ್ಲ: "ಐ ಪುಟ್ ಇಟ್ ಬ್ಯಾಕ್ ಅಪ್."

ದೊಡ್ಡ ಪದವೋ, ಜೋಡಿಪದವೋ

ಕೊನೆಗೆ ಒಂದು ಆಯ್ಕೆ ಉಳಿಯುತ್ತದೆ. ಪುಟ್ ಅಪ್ ಬದಲು 'ಎರೆಕ್ಟ್', ಪುಲ್ ಡೌನ್ ಬದಲು 'ಡೆಮಾಲಿಶ್', ಡೂ ಅಪ್ ಬದಲು 'ರೆನೊವೇಟ್', ಟೇಕ್ ಅಪಾರ್ಟ್ ಬದಲು 'ಡಿಸ್ಮ್ಯಾಂಟಲ್' ಅನ್ನಬಹುದು. ಇವು ಲ್ಯಾಟಿನ್ ಮತ್ತು ಫ್ರೆಂಚ್ ಕಡೆಯಿಂದ ಇಂಗ್ಲಿಷಿಗೆ ಬಂದ ಪದಗಳು. ನಮ್ಮ 'ಕಟ್ಟು' ಮತ್ತು 'ನಿರ್ಮಿಸು' ನಡುವೆ ಇರುವ ದೂರವೇ ಅಲ್ಲೂ ಇದೆ. ಮನೆಯವರ ಜೊತೆ ಮಾತಾಡುವಾಗ ಯಾರೂ 'ಬೇಲಿ ನಿರ್ಮಿಸಿದೆ' ಅನ್ನುವುದಿಲ್ಲ. ಹಾಗೆಯೇ ಗೆಳೆಯರಿಗೆ 'ಐ ಎರೆಕ್ಟೆಡ್ ಎ ಟೆಂಟ್' ಅಂದರೆ ಟೆಂಟಿಗಿಂತ ಮಾತೇ ಭಾರವಾಗುತ್ತದೆ. ಮಾತಿಗೆ, ಮೇಲ್‌ಗೆ, ಮೆಸೇಜಿಗೆ ಜೋಡಿಪದ. ಟೆಂಡರ್, ಕರಾರುಪತ್ರ, ಸರ್ಕಾರಿ ಅರ್ಜಿ, ಸುರಕ್ಷತಾ ಸೂಚನೆಗೆ ದೊಡ್ಡ ಪದ. ಅಲ್ಲಿ ಅರ್ಥ ಎರಡಾಗಬಾರದು. 'ಟೇಕ್ ಡೌನ್' ಅಂದರೆ ಬರೆದುಕೊಳ್ಳು ಅಂತಲೂ ಆಗುತ್ತದೆ. 'ಡಿಸ್ಮ್ಯಾಂಟಲ್' ಅಂದರೆ ಬಿಚ್ಚುವವರಿಗೆ ಯಾವ ಗೊಂದಲವೂ ಇರುವುದಿಲ್ಲ.